ನೀರಿನ ಲಾರಿಯವನಿಗೆ ಸನ್ಮಾನ

ಸೋಮವಾರ, ಬೆಳಿಗ್ಗೆ

ಹಿರಿಯ ಯೋಧರ ಸನ್ಮಾನ ಸಮಿತಿಯ ಘನ ಕಾರ್ಯದರ್ಶಿಯೂ, ನನ್ನ ಗ್ರಹಚಾರಕ್ಕೆ ಒಡಹುಟ್ಟಿದವನೂ ಆದ ಅಣ್ಣನಿಗೆ,

ನಾವಿಲ್ಲಿ ಕ್ಷೇಮ. ನೀನೂ ಕ್ಷೇಮವಾಗೇ ಇರುತ್ತೀಯ ಬಿಡು, ನಿನ್ನಂಥವರಿಗೆ ಏನಾಗುತ್ತದೆ! ಭಾನುವಾರ ಬಂದು, ಮೈಕು ಬಂದ್ ಮಾಡಿಸಿದ್ದಕ್ಕೆ ಅಪ್ಪನ ಹತ್ತಿರ ಕ್ಷಮೆ ಕೇಳುತ್ತೇನೆ ಎಂದು ಬರೆದಿದ್ದೀಯ. ಬರಬೇಡ. ಬಂದರೂ ಆ ವಿಷಯಕ್ಕೆ ಬಾಯಿ ಬಿಡಬೇಡ. ಯಾಕೆಂದು ಹೇಳುತ್ತೇನೆ, ಇದೊಂದನ್ನಾದರೂ ಪೂರ್ತಿ ಓದು.

ಮೊದಲು ನಿನ್ನ ಸಮಾರಂಭದ ಚೆಂದ ಕೇಳು. ‘ಅವರ ಕಥೆ ಕೇಳೋಣ ಬನ್ನಿ’ ಎಂದು ಗೋಡೆಯಗಲ ಬ್ಯಾನರು. ಅದರ ಕೆಳಗೆ ಹಾರ ಹಾಕಿಸಿಕೊಂಡು ಬೆವರುತ್ತಾ ಕೂತ ಮುದುಕರು. ಸ್ವಾಗತ ಮಾಡಲು ಬಂದವನು ಮುಕ್ಕಾಲು ಗಂಟೆ ಕೊರೆದ. ಕುರ್ಚಿ, ಮಂಚ ಮಾರುವ ನಿಮ್ಮ ಅಧ್ಯಕ್ಷರು ತಮ್ಮ ಸೊಂಟನೋವನ್ನು ಯುದ್ಧದಲ್ಲಿ ಬಿದ್ದ ಗುಂಡೇಟಿನ ಹಾಗೆ ವರ್ಣಿಸಿದರು. ಬಚ್ಚಲಿಗೆ ಹೋಗಬೇಕೆಂದು ಎದ್ದ ಒಬ್ಬ ತಾತನನ್ನು ನಿನ್ನ ಸ್ವಯಂಸೇವಕ ಹೆಗಲು ಹಿಡಿದು ಕೂರಿಸಿದ. "ಗ್ರೂಪ್ ಫೋಟೋ ಆಗ್ಲಿ ತಾತ, ಸ್ವಲ್ಪ ತಡ್ಕೊಳ್ಳಿ" ಎಂದ. ಇಷ್ಟೆಲ್ಲ ಆದ ಮೇಲೆ ಮುದುಕರ ಕಥೆಗೆ ತಲಾ ಎರಡು ನಿಮಿಷ. ಭೇಷ್!

ಆಮೇಲೆ ನೀನು ಎದ್ದೆ. ಶತ್ರುಗಳ ಠಾಣೆಗೆ ಒಬ್ಬರೇ ನುಗ್ಗಿದ ವೀರ ಎಂದು ಅಪ್ಪನನ್ನು ಪರಿಚಯ ಮಾಡಿಕೊಟ್ಟೆ. ಹೆತ್ತ ಅಪ್ಪ ನೀರಿನ ಲಾರಿ ಓಡಿಸುತ್ತಿದ್ದರು ಎಂದು ಹೇಳಿಕೊಳ್ಳಲು ನಿನಗೆ ಅಷ್ಟು ನಾಚಿಕೆಯೇ? ಅವರು ನೀನು ಬರೆದುಕೊಟ್ಟ ಭಾಷಣವನ್ನು ಮಡಚಿ ಪಕ್ಕಕ್ಕಿಟ್ಟರು. "ನಾನು ಯಾರನ್ನೂ ಹೊಡೆದಿಲ್ಲ. ನೀರು ಸಾಗಿಸ್ತಿದ್ದೆ. ಮುಂದಿನ ಠಾಣೆ ಮುಟ್ಟೋ ತನಕ ಎಲ್ಲೂ ನಿಲ್ಲಿಸಬಾರದು ಅಂತ ಆರ್ಡರಿತ್ತು. ದಾರೀಲಿ ನಮ್ಮವರೇ ಬಿದ್ದಿದ್ರು, ಕೈ ಎತ್ತಿದ್ರು. ಅದ್ರಲ್ಲಿ ಒಬ್ಬ ನನಗೆ ಚೆನ್ನಾಗಿ ಗೊತ್ತಿದ್ದವನು" ಎಂದರು. ಅಷ್ಟಕ್ಕೇ ನೀನು ಮೈಕಿನವನಿಗೆ ಕಣ್ಣು ಹೊಡೆದೆ. ಮೈಕು ಸತ್ತು ಬ್ಯಾಂಡಿನ ಹಾಡು ಶುರುವಾಯಿತು. ಕಾರ್ಯಕ್ರಮದ ಗಾಂಭೀರ್ಯ ಕೆಡುತ್ತಿತ್ತಂತೆ. ಥೂ, ನಿನ್ನ ಗಾಂಭೀರ್ಯಕ್ಕಿಷ್ಟು!

ನಿನಗೆ ಗೊತ್ತಿಲ್ಲದ್ದು ಇನ್ನು ಮುಂದಿದೆ. ನಿಮ್ಮ ಧ್ವನಿವರ್ಧಕದ ಕಿರುಚಾಟ ತಾಳಲಾರದೆ ಅಪ್ಪ ಆಗಲೇ ಕಿವಿಯ ಮೆಷಿನ್ ತೆಗೆದು ಜೇಬಿಗೆ ಹಾಕಿಕೊಂಡಿದ್ದರು. ಮೈಕು ಆರಿದ್ದು, ಬ್ಯಾಂಡು ಬಡಿದದ್ದು ಯಾವುದೂ ಅವರಿಗೆ ತಿಳಿಯಲಿಲ್ಲ. ಕಣ್ಣು ಮುಚ್ಚಿಕೊಂಡು ಕೊನೆಯವರೆಗೂ ಹೇಳಿದರು. ಮುಂದಿನ ಸಾಲಿನಲ್ಲಿದ್ದ ನನಗೆ ಕಂಡದ್ದು ತುಟಿ ಅಲುಗಾಡುವುದಷ್ಟೇ. ಅವರು ನಿಲ್ಲಿಸಿದ ಕೂಡಲೇ ನೀನು ಸನ್ನೆ ಮಾಡಿದೆ, ನಿನ್ನ ಕುರಿಮಂದೆ ಎದ್ದು ನಿಂತು ಚಪ್ಪಾಳೆ ತಟ್ಟಿತು.

ಮನೆಗೆ ಬಂದವರೇ, ಬೂಟು ಕೂಡ ಬಿಚ್ಚದೆ, ನನ್ನ ಕೈ ಹಿಡಿದುಕೊಂಡು ಅತ್ತರು. "ಎಲ್ಲಾ ಹೇಳ್ಬಿಟ್ಟೆ ಕಣಮ್ಮ. ಅಷ್ಟು ಕೇಳಿದ ಮೇಲೂ ಜನ ಎದ್ದು ನಿಂತ್ರಲ್ಲ, ನನ್ನ ಕ್ಷಮಿಸಿದ್ರಲ್ಲ!" ಎಂದರು. ಅಮ್ಮ ಜೀವಮಾನವೆಲ್ಲ ಕೇಳಿದರೂ ಬಾಯಿ ಬಿಡದಿದ್ದ ಮನುಷ್ಯ ಅಣ್ಣಾ, ಅವಳು ಏನೂ ತಿಳಿಯದೆಯೇ ಕಣ್ಣು ಮುಚ್ಚಿದಳು. ಈಗ ಅವರು ನೆಮ್ಮದಿಯಾಗಿ ನಿದ್ದೆ ಮಾಡುತ್ತಾರೆ. ಪಕ್ಕದ ಮನೆಯವರ ಜೊತೆ ನಗುತ್ತಾರೆ ಕೂಡ.

ಈಗ ನೀನು ಬಂದು, ಯಾರೂ ಏನೂ ಕೇಳಿಸಿಕೊಂಡಿಲ್ಲ ಅಪ್ಪಾ ಎನ್ನುತ್ತೀಯಾ? ನಿನ್ನ ಎದೆ ಹಗುರಾಗಲಿ ಎಂದು ಅವರನ್ನು ಮತ್ತೆ ಆ ರಸ್ತೆಗೆ ತಳ್ಳುತ್ತೀಯಾ? ನಿನ್ನ ತಪ್ಪನ್ನು ನೀನೇ ನುಂಗಿಕೊಂಡು ಕೂರು. ನಿನ್ನಿಂದ ಅಪ್ಪನಿಗೆ ಆಗಬಹುದಾದ ಸೇವೆ ಅಷ್ಟೇ.

ಇತಿ,
ಸದ್ಯಕ್ಕೆ ನಿನ್ನ ಮುಖ ನೋಡುವ ಆಸೆಯಿಲ್ಲದ
ತಂಗಿ

ಮರೆತಿದ್ದೆ: ಅವತ್ತು ಊಟಕ್ಕೆ ಕೂತಾಗ ಅಪ್ಪ ಅನ್ನ ಮುಟ್ಟದೆ ನನ್ನನ್ನೇ ನೋಡುತ್ತಿದ್ದರು. "ನೀನೂ ಕೇಳಿದೆಯಲ್ಲಮ್ಮ, ಆದ್ರೂ ನನ್ನ ಪಕ್ಕ ಕೂತ್ಕೊಳ್ತೀಯಾ?" ಎಂದರು. ಒಂದಕ್ಷರ ಬಿಡದೆ ಕೇಳಿದೆ ಅಪ್ಪಾ ಎಂದು ಹೇಳಿ, ಪಕ್ಕದಲ್ಲೇ ಕೂತು ಬಡಿಸಿದೆ. ಆ ಗೊತ್ತಿದ್ದವನು ಯಾರೋ, ಅಪ್ಪ ಅವನಿಗೆ ಏನು ಮಾಡಿದರೋ, ಇನ್ನು ನಾನು ಕೇಳುವ ಹಾಗಿಲ್ಲ.