ಹಳದಿ ಟೇಪಿನ ಈಚೆಯಿಂದ

ಮಕ್ಕಳ ಆಸ್ಪತ್ರೆ, ಎರಡನೇ ಮಹಡಿ
ಮಂಗಳವಾರ ಮಧ್ಯಾಹ್ನ

ನಮ್ಮ ಪುಟ್ಟಿಯ ಅಮ್ಮನಿಗೆ,

ಹೇಗಿದ್ದೀಯೆ? ಜ್ವರ ಇಳಿಯಿತೇ? ಹೊಲಿಗೆ ಇನ್ನೂ ಎಳೆಯುತ್ತದೆಯೇ? ಆಸ್ಪತ್ರೆಯ ಊಟ ಸಪ್ಪೆ ಅಂತ ತಟ್ಟೆ ಪಕ್ಕಕ್ಕೆ ತಳ್ಳಬೇಡ, ಕಣ್ಣು ಮುಚ್ಚಿ ನುಂಗಿಬಿಡು. ಫೋನು ಮಾಡಿದರೆ ನೀನು ಆ ಕಡೆ, ನಾನು ಈ ಕಡೆ ಅಳುವುದೇ ಆಗುತ್ತದೆ. ಅದಕ್ಕೇ ಕಾಗದ. ಮಗಳನ್ನು ಇಲ್ಲಿಗೆ ತಂದ ಆಂಬುಲೆನ್ಸ್ ಡ್ರೈವರ್ ಇವತ್ತು ನಿನ್ನ ಆಸ್ಪತ್ರೆಗೆ ಬರುತ್ತಾನಂತೆ, ಅವನ ಕೈಗೆ ಕೊಡುತ್ತೇನೆ.

ಮಗು ಚೆನ್ನಾಗಿದೆ. ಇದನ್ನು ಮೊದಲೇ ಬರೆಯಬೇಕಿತ್ತು, ನೋಡು ನನ್ನ ಬುದ್ಧಿ. ಅವತ್ತು ಹುಟ್ಟಿದ ತಕ್ಷಣ ನರ್ಸುಗಳು ಅವಳನ್ನು ಎತ್ತಿಕೊಂಡು ಓಡಿದಾಗ ನೀನು ಮಲಗಿದ್ದಲ್ಲಿಂದಲೇ, “ರೀ, ಯಾರ ಥರ ಇದಾಳ್ರೀ?” ಅಂತ ಕೂಗಿದೆಯಲ್ಲ, ಈಗ ಉತ್ತರ ಹೇಳುತ್ತೇನೆ. ಮೂಗು ನಿನ್ನದು. ಸಿಟ್ಟು ಬಂದಾಗ ತುಟಿ ಮುಂದೆ ಮಾಡುವುದೂ ನಿನ್ನದೇ. ನನ್ನಿಂದ ಬಂದದ್ದು ಕಿವಿ ಮಾತ್ರ, ಪಾಪ. ತಿಂಗಳು ತುಂಬುವ ಮೊದಲೇ ಬಂದವಳಲ್ಲವೇ, ಚರ್ಮ ಈರುಳ್ಳಿಯ ಒಳಸಿಪ್ಪೆಯಷ್ಟು ತೆಳ್ಳಗಿದೆ. ಎದೆಗೆ ವಯರು ಅಂಟಿಸಿದರೆ ಕೀಳುವಾಗ ಚರ್ಮವೂ ಜೊತೆಗೇ ಬರುತ್ತದಂತೆ. ಅದಕ್ಕೆ ಅವಳ ಗಾಜಿನ ಪೆಟ್ಟಿಗೆಯ ಮೇಲೆ ಸಾಬೂನು ಡಬ್ಬಿಯಷ್ಟಿರುವ ಒಂದು ರೇಡಾರ್ ಇಟ್ಟಿದ್ದಾರೆ. ರೇಡಾರ್ ಅಂದರೆ ವಿಮಾನ ಹುಡುಕುವುದಲ್ಲವೇ, ನನ್ನ ಮಗಳು ಯಾವಾಗ ವಿಮಾನವಾದಳು ಅಂತ ಕೇಳಿದೆ. ನರ್ಸಮ್ಮ ನಕ್ಕು, “ಅದೇ ಅಣ್ಣಾ, ದೂರದಿಂದ್ಲೇ ಗೊತ್ತಾಗತ್ತೆ. ಎದೆ ಕೂದಲೆಳೆಯಷ್ಟು ಎದ್ದು ಇಳಿದ್ರೂ ಇದು ಹಿಡಿಯತ್ತೆ” ಅಂದಳು. ಮುಟ್ಟದೆಯೇ ಉಸಿರನ್ನೂ ಎದೆಬಡಿತವನ್ನೂ ಎಣಿಸಿ ಪರದೆಯ ಮೇಲೆ ಹಸಿರು ಗೆರೆ ಬರೆಯುತ್ತದೆ.

ಆ ಗೆರೆಯೇ ಈಗ ನನ್ನ ಸಂಸಾರ. ಏಳು ಸಮುದ್ರದಾಚೆಯ ಗಿಳಿಯೊಳಗೆ ಜೀವ ಇಟ್ಟ ರಾಕ್ಷಸನ ಕಥೆ ಹೇಳಿ ನಿನ್ನನ್ನು ನಗಿಸುತ್ತಿದ್ದೆನಲ್ಲ, ಈಗ ಆ ರಾಕ್ಷಸನ ಸಂಕಟ ಅರ್ಥವಾಗುತ್ತಿದೆ. ದಿನವಿಡೀ ಕಂಡಕಂಡವರ ತಲೆ ಹಿಡಿದು ತಿರುಗಿಸುವ, ಗದ್ದ ಎತ್ತಿ ಕ್ಷೌರದ ಕತ್ತಿ ಆಡಿಸುವ ಕೈ ಇದು. ಸ್ವಂತ ಮಗಳ ಬೆರಳು ಮುಟ್ಟಲು ಮಾತ್ರ ಇದಕ್ಕೆ ಅಪ್ಪಣೆಯಿಲ್ಲ. ಇಲ್ಲಿ ಮಾತಿಗೂ ಯಾರೂ ಸಿಗುವುದಿಲ್ಲ, ಯಂತ್ರಗಳು ಮಾತ್ರ ಪಿಸುಗುಡುತ್ತವೆ. ಕೈಯನ್ನು ಎಲ್ಲಿಡಬೇಕೋ ತಿಳಿಯದೆ ತೊಡೆಯ ಕೆಳಗೆ ಒತ್ತಿ ಹಿಡಿದು ಕೂರುತ್ತೇನೆ.

ನಿನ್ನೆ ಒಂದು ಅವಾಂತರವಾಯಿತು. ಅವಳಿಗೆ ಅದೇ ರಾಕ್ಷಸನ ಕಥೆ ಹೇಳುತ್ತಾ ಹೇಳುತ್ತಾ ಗಾಜಿನ ಮೇಲೆ ಪೂರಾ ಬಾಗಿಬಿಟ್ಟಿದ್ದೆ. ಹಸಿರು ಗೆರೆ ಹುಚ್ಚುಹುಚ್ಚಾಗಿ ಕುಣಿಯಿತು, ಗಂಟೆ ಹೊಡೆದುಕೊಂಡಿತು, ನರ್ಸಮ್ಮ ಓಡಿ ಬಂದಳು. ನಾನು ನೆಲದ ಮೇಲೆ ಕೂತುಬಿಟ್ಟೆ. ಅವಳು ಮಗುವನ್ನು ನೋಡಿದಳು, ನನ್ನನ್ನು ನೋಡಿದಳು. “ಅಣ್ಣಾ, ಮಗು ಆರಾಮಾಗಿದೆ. ನಿಮ್ಮ ಉಸಿರು ಅವಳ ಲೆಕ್ಕಕ್ಕೆ ಬಿದ್ದಿದೆ, ಅಷ್ಟೇ” ಅಂದಳು. ಆಮೇಲೆ ನೆಲಕ್ಕೆ ಹಳದಿ ಟೇಪು ಅಂಟಿಸಿ ನನ್ನ ಕುರ್ಚಿಯನ್ನು ಅದರ ಈಚೆ ಎಳೆದು ಹಾಕಿದಳು. ನಿನಗೆ ಮಾತ್ರ ಹೇಳುತ್ತೇನೆ, ಭಯ ಇಳಿದ ಮೇಲೆ ಒಳಗೊಳಗೇ ಖುಷಿಯಾಯಿತು ಕಣೇ. ಅಷ್ಟು ಹೊತ್ತು ನಾವಿಬ್ಬರೂ ಒಂದೇ ಗೆರೆಯಲ್ಲಿ ಉಸಿರಾಡಿದ್ದೆವು. ಅವಳು ಹುಟ್ಟಿದ ಮೇಲೆ ಅಪ್ಪ ಮಗಳು ಸೇರಿದ್ದು ಅದೊಂದೇ ಸಲ.

ಈಗ ಕಥೆಯನ್ನು ಟೇಪಿನ ಈಚೆಯಿಂದಲೇ ಹೇಳುತ್ತೇನೆ. ಅಂಗಡಿ ಮುಚ್ಚಿದ ಚಿಂತೆ ನಿನಗೆ ಬೇಡ, ಊರವರ ಕೂದಲು ಬೆಳೆಯಲಿ, ಎಲ್ಲಿ ಹೋಗುತ್ತದೆ? ಪಕ್ಕದ ಮಂಚದ ಅಜ್ಜಿಗೆ ನನ್ನ ನಮಸ್ಕಾರ ಹೇಳು. ನೀನು ಬೇಗ ಎದ್ದು ಓಡಾಡುವಂತಾಗು.

ನಿನ್ನ
ಕತ್ತರಿರಾಯ

ಮತ್ತೆ: ಡ್ರೈವರ್ ಕೆಳಗೆ ಹಾರನ್ ಹೊಡೆಯುತ್ತಿದ್ದಾನೆ. ಬೆಳಗ್ಗೆಯೇ ಡಾಕ್ಟರಮ್ಮ ಹೇಳಿದ್ದು, ಬರೆಯಲು ಕೈ ಬಂದಿರಲಿಲ್ಲ. ನಾಳೆ ಮಗುವನ್ನು ಪೆಟ್ಟಿಗೆಯಿಂದ ತೆಗೆದು ಎದೆಯ ಮೇಲೆ ಮಲಗಿಸಬೇಕಂತೆ. “ಅಮ್ಮ ಇಲ್ದಿದ್ರೆ ಅಪ್ಪನ ಎದೆನೂ ಆಗತ್ತೆ” ಅಂದರು. ಮೊದಲು ಅವಳಮ್ಮ ಅಂದೆ ನಾನು. ಜ್ವರ ಬಿಟ್ಟಿದ್ದರೆ ಇದೇ ಗಾಡಿಯಲ್ಲಿ ಬಾ. ಬಿಟ್ಟಿಲ್ಲದಿದ್ದರೆ ‘ನೀವೇ ಎತ್ಕೊಳ್ರೀ’ ಅಂತ ಒಂದು ಸಾಲು ಬರೆದು ಕಳಿಸು, ನೀನು ಹೇಳದೆ ನನ್ನ ಕೈ ಏಳುವುದಿಲ್ಲ. ಯಾವುದಕ್ಕೂ ಇರಲಿ ಅಂತ ಎದೆಯ ಕೂದಲು ಬೋಳಿಸಿಕೊಂಡು ಕೂತಿದ್ದೇನೆ. ಅವಳಿಗೆ ಚುಚ್ಚಬಾರದಲ್ಲ.