ಗಾಣಿಗೇರ ಓಣಿಯ ಬೇವಿನ ಬುಡ

ಕಲಬುರಗಿ, ಏಪ್ರಿಲ್ 47, 2191

ಗಾಣಿಗೇರ ಓಣಿಯ ಹಿರಿಯರಿಗೆ ಸುಗಲಾಬಾಯಿಯ ಶರಣು.

ತಾರೀಖು ನೋಡಿ ನಗಬೇಡಿ. ಮೊದಲ ಮಳೆ ಬೀಳುವ ತನಕ ಏಪ್ರಿಲನ್ನೇ ಎಳೆಯುವುದು ನಮ್ಮ ಕಾಲದ ರೂಢಿ. ನನ್ನ ಕೆಲವು ಮಾತುಗಳೂ ವಿಚಿತ್ರ ಅನ್ನಿಸಬಹುದು, ಕ್ಷಮಿಸಿ. ಈ ಕಾಗದ ಹಿಂದಿನ ನಿಮ್ಮ ಕಾಲಕ್ಕೆ ಹೇಗೆ ತಲುಪುತ್ತದೆಂದು ನನಗೂ ತಿಳಿಯದು. ಅಂಚೆಯವರು ತಕರಾರಿಲ್ಲದೆ ತೆಗೆದುಕೊಂಡರು.

ಈಗ ಊರಿನಲ್ಲಿ ಎರಡೇ ಬಗೆಯ ಓಣಿಗಳು. ಮರಗಳಿದ್ದರೆ ತಂಪೋಣಿ, ಇಲ್ಲದಿದ್ದರೆ ಕಾವೋಣಿ. ನನ್ನ ಮಗಳು ನೀಲಾಂಬಿಕಾಳನ್ನು ಕೊಟ್ಟಿರುವುದು ಕೆರೆಯಂಚಿನ ತಂಪೋಣಿಗೆ. ಅಲ್ಲಿ ಓಣಿಯ ನಡುವೆ ಬೇವು, ಹೊಂಗೆ, ಹುಣಸೆಯ ತೋಪಿದೆ. ಮಧ್ಯಾಹ್ನ ಮನೆಗಳಿಗೆ ಬೀಗ ಹಾಕಿ ಎಲ್ಲರೂ ಬುತ್ತಿ ಹಿಡಿದು ಅಲ್ಲಿಗೆ ಬರುತ್ತಾರೆ. ಅದಕ್ಕೆ ನೆರಳೂಟ ಅನ್ನುತ್ತಾರೆ. ಶಾಲೆ ಅಲ್ಲೇ, ದರ್ಜಿಯ ಮಷಿನ್ನೂ ಅಲ್ಲೇ, ಮುದುಕರ ಜಗಳವೂ ಅಲ್ಲೇ. ಮಳೆನೀರು ನೆಲಕ್ಕಿಳಿಯುವುದರಿಂದ ಬಾವಿ ಬತ್ತುವುದಿಲ್ಲ. ಹೊತ್ತು ಮುಳುಗಿದ ಮೇಲೆ ಬರಿಗಾಲಲ್ಲಿ ಓಡಾಡಬಹುದು. ನಮ್ಮದು, ಅಂದರೆ ನಿಮ್ಮದೇ ಗಾಣಿಗೇರ ಓಣಿ, ಕಾವೋಣಿ. ಹಗಲೆಲ್ಲ ಕುಡಿದ ಬಿಸಿಲನ್ನು ಗೋಡೆಗಳು ಬೆಳಗಿನ ತನಕ ಕಾರುತ್ತವೆ; ಫ್ಯಾನು ಹಾಕಿದರೆ ಒಲೆ ಊದಿದಂತೆ.

ನೀಲಾಳಿಗೆ ತಿಂಗಳು ತುಂಬುತ್ತ ಬಂದಿವೆ. ಚೊಚ್ಚಲ ಹೆರಿಗೆ ತವರಿನಲ್ಲಾಗಬೇಕೆಂಬ ಪದ್ಧತಿ ನಿಮ್ಮಂತೆಯೇ ನಮ್ಮಲ್ಲೂ ಉಂಟು. ಅವಳನ್ನು ಕರೆತರಲು ಹೋದೆ. ಬೀಗತಿ ಬೋರಮ್ಮ ಕೆಟ್ಟವಳಲ್ಲ. ಚಹಾ ಕೊಟ್ಟು, ಕೈ ಹಿಡಿದು ಹೇಳಿದಳು: “ಸಿಟ್ಟಾಗಬ್ಯಾಡ್ರಿ ಬೀಗತಿ. ಹೋದ ಬ್ಯಾಸಿಗ್ಯಾಗ ನಿಮ್ಮ ಓಣ್ಯಾಗ ಒಂದು ಕೂಸು ಉಳೀಲಿಲ್ಲ. ಇಕಿಗಿ ಹ್ಯಾಂಗ ಕಳಸ್ಲಿ?”

ತಂದಿದ್ದ ಸೀರೆ, ಹೋಳಿಗೆ ಬುತ್ತಿ ಅಲ್ಲೇ ಇಟ್ಟು ಒಬ್ಬಳೇ ಬಂದೆ. ದಾರಿಯುದ್ದಕ್ಕೂ ಅತ್ತೆ, ಮುಚ್ಚಿಡುವುದೇನು.

ಈಗ ನಿಮ್ಮ ವಿಷಯ. ನಮ್ಮ ಓಣಿಗೂ ಒಂದು ಪಾರ್ಕಿತ್ತು, ಅದರ ತುಂಬ ಬೇವಿನ ಮರಗಳಿದ್ದವು. ನೀವು ಅವನ್ನು ಕಡಿಯಲಿಲ್ಲ, ಅದು ಗೊತ್ತು. ಪ್ರೀತಿಯಿಂದಲೇ ಸುತ್ತ ಕಟ್ಟೆ ಕಟ್ಟಿಸಿದಿರಿ, ಕೆಸರಾಗದಿರಲೆಂದು ಬುಡದ ತನಕ ಟೈಲ್ಸ್ ಹಾಕಿಸಿದಿರಿ, ಕಾಂಡಕ್ಕೆ ಬಣ್ಣ ಹೊಡೆಸಿದಿರಿ. ಬೇರಿಗೆ ನೀರಿಲ್ಲ, ಗಾಳಿಯಿಲ್ಲ. ಮರಗಳು ಒಳಗೊಳಗೇ ಸೊರಗಿ ಒಂದು ಬಿರುಗಾಳಿಗೆ ಉರುಳಿದವು. ಟೈಲ್ಸ್ ಮಾತ್ರ ಬಹಳ ವರ್ಷ ಗಟ್ಟಿಯಾಗಿದ್ದವು. ನಿಮ್ಮ ಕಾಲದಲ್ಲೇ ಬೋರಮ್ಮನ ಓಣಿಯ ಹಿರಿಯರು ಬುಡದ ಮಣ್ಣನ್ನು ಹಾಗೇ ಬಿಟ್ಟಿದ್ದರು. ಹೊಲಸು ಎಂದು ನೀವು ಮೂಗು ಮುರಿದಿರಂತೆ. ಇದನ್ನು ಬರೆಯುವಾಗ ನನಗೆ ನಿಮ್ಮ ಮೇಲೆ ಸಿಟ್ಟೇ ಬರುತ್ತದೆ.

ಈಗ ನಾವು ಆ ಟೈಲ್ಸ್ ಕಿತ್ತು ಸಸಿ ನೆಟ್ಟಿದ್ದೇವೆ. ಅವಿನ್ನೂ ನನ್ನ ಮೊಣಕಾಲಿನ ಎತ್ತರ. ನೀಲಾಳ ಕೂಸಿಗೆ ಒದಗುವುದಿಲ್ಲ.

ನಿಮ್ಮ ಕಾಲದಲ್ಲಿ ಆ ಮರಗಳು ಇನ್ನೂ ನಿಂತಿವೆ. ಆದ್ದರಿಂದ ಒಂದು ಬಿನ್ನಹ. ಈ ಭಾನುವಾರ ಹಾರೆ ಹಿಡಿದು ಹೋಗಿ. ಬೇರಿಗೆ ಪೆಟ್ಟಾಗದಂತೆ ಬುಡದ ಸುತ್ತಲಿನ ಟೈಲ್ಸ್, ಸಿಮೆಂಟು ಒಡೆದು ತೆಗೆಯಿರಿ. ಕೆಸರಾದರೆ ಕಾಲು ತೊಳೆದುಕೊಂಡರಾಯಿತು. ನೀವು ಹಾಗೆ ಮಾಡಿದರೆ ನಮ್ಮದೂ ಮೊದಲಿಂದಲೇ ತಂಪೋಣಿಯಾಗಿ, ನನಗೆ ಈ ಕಾಗದ ಬರೆದ ನೆನಪೂ ಇರುವುದಿಲ್ಲ, ನಿಮಗೆ ಉಪಕಾರ ಹೇಳುವುದೂ ಆಗುವುದಿಲ್ಲ. ಆ ಹೊತ್ತಿಗೆ ನಾನು ನಮ್ಮ ಬಚ್ಚಲಲ್ಲಿ ನೀಲಾಳ ಕೂಸಿಗೆ ಎರೆಯಲು ನೀರು ಕಾಯಿಸುತ್ತಿರುತ್ತೇನೆ.