ಎರ್ಮೆಲಿಂದಾ ಎಂಬ ಹೆಸರಿನ ಜಾಗ

ಮಾರ್ಚ್ 4, ರಾತ್ರಿ

ಮತ್ತೆ ಶ್ರುತಿ ಸರಿಮಾಡಿದೆ. ಈ ಚಳಿಗೆ ತಂತಿ ನಿಲ್ಲುವುದಿಲ್ಲ.

ಹಾಡುವುದು ಅಬ್ಡೋನ್ ಮಾವ, ನನ್ನ ಅಮ್ಮನ ಅಣ್ಣ. ನನ್ನದು ಗಿಟಾರ್. ಡಿಗ್ರಿ ಮುಗಿದ ಮೇಲೆ ಇದೊಂದೇ ಕೆಲಸ. ಜನರ ಮುಂದೆ ಬಾಯಿ ತೆರೆಯಬೇಕಿಲ್ಲ — ಸಾಕು.

ಇವತ್ತೂ ಎರಡನೇ ಸಾಲಿನಲ್ಲಿ ಮಾವನಿಗೆ ಪದ ಮರೆತುಹೋಯಿತು. ವಾರದಲ್ಲಿ ಮೂರನೇ ಸಲ. ರೆ ಮೈನರ್ ಎಂಬ ದುಃಖದ ಸ್ವರಗುಚ್ಛ ಹಿಡಿದಿದ್ದವಳು ಕಿರುಬೆರಳನ್ನು ಮೂರನೇ ಫ್ರೆಟ್‌ಗೆ ಒತ್ತಿದೆ. ಸಸ್ಪೆಂಡೆಡ್ ಕಾರ್ಡ್. ದುಃಖವೂ ಅಲ್ಲ, ಸಂತೋಷವೂ ಅಲ್ಲ. ಏನೋ ಬರಲಿದೆ ಎಂದು ಕಾಯುವ ಸದ್ದು. ಅಷ್ಟರಲ್ಲಿ ಪದ ಸಿಕ್ಕಿತು. ಕೇಳಿದವರಿಗೆ ಭಾವ ಎನಿಸಿರಬೇಕು.

ಮಾರ್ಚ್ 9

ಮಾವ ಬೈದರು. ಆ ಕಾರ್ಡ್ ಹಿಡಿದು ಹಾಡಿಗೆ ನೀರು ಬೆರೆಸುತ್ತೇನಂತೆ.

"ಅಳೋದಾದ್ರೆ ಅಳು, ನಗೋದಾದ್ರೆ ನಗು. ಹೊಸ್ತಿಲಲ್ಲಿ ನಿಂತು ಒಳಗೆ ಬರ್ಲಾ ಬೇಡ್ವಾ ಅನ್ನೋ ನೆಂಟರ ಹಾಗೆ, ಏನೇ ಅದು? ಸಾಹಿತ್ಯ ಓದಿದವರೆಲ್ಲ ಹೀಗೇನಾ?"

ಅತ್ತೆ ಬಾಳೆಕಾಯಿ ಸೂಪು ಬಡಿಸುತ್ತ ನಕ್ಕರು. ಮಾವನ ಮರೆವಿನ ಬಗ್ಗೆ ಅವರಿಗೇನೂ ಗೊತ್ತಿಲ್ಲ. ನಾನು ಹೇಳುವುದಾದರೂ ಹೇಗೆ...

ಏಪ್ರಿಲ್ 2

ಬರೆಯಲು ಮನಸ್ಸಾಗಲಿಲ್ಲ ಇಷ್ಟು ದಿನ.

ಈ ಭಾನುವಾರಕ್ಕೆ ಮಾವ, ಅತ್ತೆಯ ಮದುವೆಯಾಗಿ ನಲವತ್ತು ವರ್ಷ. ಚರ್ಚ್ ಅಂಗಳದಲ್ಲಿ ಹಾಡು. ಮಾವ ಆಗ ಅತ್ತೆಗಾಗಿ ಕಟ್ಟಿದ ಪಸಿಲ್ಯೊ, ನಮ್ಮ ಕಡೆಯ ನಿಧಾನಗತಿಯ ಪ್ರೇಮಗೀತೆ. ಪ್ರತಿ ಚರಣವೂ ಅವರ ಹೆಸರಿನಲ್ಲಿ ಮುಗಿಯುತ್ತದೆ. ಎರ್ಮೆಲಿಂದಾ.

ಅಭ್ಯಾಸದಲ್ಲಿ ಅದೇ ಹೆಸರು ಸಿಗಲಿಲ್ಲ. ಕಾರ್ಡ್ ಹಿಡಿದೇ ಇದ್ದೆ. ಎಂಟು ಎಣಿಸಿದೆ. ಹನ್ನೆರಡು. ಕೊನೆಗೆ ನಾನೇ ಮೆಲ್ಲಗೆ ಹೇಳಿಕೊಟ್ಟೆ.

ಮಾವ ತಂತಿಗಳ ಮೇಲೆ ಅಂಗೈ ಇಟ್ಟು ಸದ್ದು ಅಡಗಿಸಿದರು.

"ಆ ಕಾರ್ಡ್ ಇರ್ಲಿ ಮಗಳೇ. ನಾನು ಬರೋವರೆಗೂ ಬಿಡ್ಬೇಡ. ನಿಮ್ಮತ್ತೆಗೆ ಹೇಳ್ಬೇಡ."

ಹೂಂ ಎಂದೆ. ಎನ್ನಬಾರದಿತ್ತೇನೋ.

ಏಪ್ರಿಲ್ 7, ಭಾನುವಾರ, ಸಂಜೆ

ಅತ್ತೆ ಮೊದಲ ಸಾಲಿನಲ್ಲಿ, ನೀಲಿ ಶಾಲು ಹೊದ್ದು. ಮೊದಲ ಚರಣ ಸಲೀಸು. ಎರಡನೆಯದರ ಕೊನೆಗೆ ಮಾವ ನಿಂತುಬಿಟ್ಟರು. ಕಿರುಬೆರಳು ಒತ್ತಿದೆ. ನಾಲ್ಕು... ಹತ್ತು... ಬೆರಳ ತುದಿ ಉರಿಯಿತು. ಹೇಳಿಕೊಡೋಣವೆಂದರೆ ಮೈಕ್ ಎದುರಿಗೇ. ಜನ ಉಸಿರು ಬಿಗಿಹಿಡಿದು ಕೇಳುತ್ತಿದ್ದರು.

ಮಾವ ಅತ್ತೆಯತ್ತ ಕೈ ಚಾಚಿದರು. ಹೆಸರಿನ ಜಾಗದಲ್ಲಿ ಹಾಡಿದರು — "ಇವಳೇ."

ಬೆರಳು ತೆಗೆದೆ. ರೆ ಮೈನರ್.

ಚಪ್ಪಾಳೆಯೋ ಚಪ್ಪಾಳೆ. ಹೆಂಗಸರು ಕಣ್ಣೊರೆಸಿಕೊಂಡರು. ಅತ್ತೆ ಮಾತ್ರ ತಟ್ಟಲಿಲ್ಲ. ನಲವತ್ತು ವರ್ಷ ಆ ಹಾಡು ಕೇಳಿದವರು. ನೋಡುತ್ತಿದ್ದುದು ಮಾವನನ್ನಲ್ಲ, ನನ್ನ ಎಡಗೈಯನ್ನು.

ಈಗ ಕೋಣೆಯ ಬಾಗಿಲಲ್ಲಿ ನಿಂತಿದ್ದಾರೆ. "ಎಷ್ಟು ದಿನದಿಂದ ಹೀಗೆ?" ಎಂದರು. ತಲೆ ಎತ್ತಲಿಲ್ಲ ನಾನು, ಬರೆಯುತ್ತಿದ್ದೇನೆ. ಮಾವನಿಗೆ ಹೂಂ ಎಂದಿದ್ದೇನೆ. ಅತ್ತೆ ಒಳಗೆ ಬಂದು ಮಂಚದ ಅಂಚಿನಲ್ಲಿ ಕುಳಿತರು. ಕಾಯುತ್ತಿದ್ದಾರೆ. ನಾನು —